ಆನೆಯ ಎಡಗಿವಿಗೆ ಅರ್ಧ ಅಂಕ

ಅಷ್ಟೆಲ್ಲಕ್ಕೂ ಕಾರಣ ಟವೆಲ್ಲು ಮಡಿಸಿ ಮಾಡಿದ ಒಂದು ಆನೆ. ಆನೆಯ ಮೈಯೆಲ್ಲ ಸರಿಯಾಗಿಯೇ ಇತ್ತು. ಸೊಂಡಿಲು ಬಾಗಬೇಕಾದಲ್ಲಿ ಬಾಗಿತ್ತು, ಬೆನ್ನು ಉಬ್ಬಬೇಕಾದಲ್ಲಿ ಉಬ್ಬಿತ್ತು. ಕೆಟ್ಟದ್ದು ಎಡಗಿವಿ. ಬಲಗಿವಿಗಿಂತ ಎರಡು ಬೆರಳಷ್ಟು ದೊಡ್ಡದು.

ಹಡಗಿನ ಏಳನೇ ಅಂತಸ್ತಿನ ಕೋಣೆಯಲ್ಲಿ ಹಾಸಿಗೆಯ ಮೇಲೆ ಕೂತಿದ್ದ ಆ ಆನೆಯನ್ನು ಮೇಷ್ಟ್ರು ಕನ್ನಡಕ ಏರಿಸಿ ಒಂದು ಸಲ, ಇಳಿಸಿ ಒಂದು ಸಲ ನೋಡಿದರು. ಮೂವತ್ನಾಲ್ಕು ವರ್ಷ ರೇಖಾಗಣಿತ ಕಲಿಸಿದ ಕಣ್ಣು. ನಿವೃತ್ತಿಯಾಗಿದ್ದು ಸಂಬಳಕ್ಕೆ ಮಾತ್ರ, ಕಣ್ಣಿಗಲ್ಲ. ಆನೆಯ ಕಾಲ ಬಳಿ ಎಂದಿನ ಹಾಗೆ ಒಂದು ಕಾರ್ಡು ಇತ್ತು: 'ನಮ್ಮ ಸೇವೆಗೆ ಹತ್ತರಲ್ಲಿ ಎಷ್ಟು?' ಹಿಂದಿನ ನಾಲ್ಕು ದಿನ ಅದನ್ನು ಖಾಲಿ ಬಿಟ್ಟಿದ್ದರು. ಪೂರ್ತಿ ಓದದೆ ಉತ್ತರಪತ್ರಿಕೆಗೆ ಅಂಕ ಹಾಕುವ ಪೈಕಿಯಲ್ಲ ಅವರು. ಆ ಸಂಜೆ ಮಾತ್ರ ಜೇಬಿನಿಂದ ಕೆಂಪು ಪೆನ್ನು ತೆಗೆದು 'ಒಂಬತ್ತೂವರೆ' ಎಂದು ಬರೆದರು. ಅದರ ಕೆಳಗೆ ಕೈ ತನ್ನಷ್ಟಕ್ಕೆ ತಾನೇ ಹಳೆಯ ರೂಢಿಯಂತೆ ಬರೆಯಿತು: 'ಎಡಗಿವಿ ದೊಡ್ಡದಾಗಿದೆ. ಬಂದು ಕಾಣುವುದು.'

ಈ ಅರ್ಧ ಅಂಕದ ಹಿಂದೆ ಒಂದು ಗುಟ್ಟಿತ್ತು. ಮೇಷ್ಟ್ರು ಜೀವಮಾನದಲ್ಲಿ ಯಾರಿಗೂ ಪೂರ್ತಿ ಅಂಕ ಕೊಟ್ಟವರಲ್ಲ. ಜಿಪುಣತನ ಅಂತ ಶಾಲೆಯಲ್ಲಿ ಎಲ್ಲರೂ ಆಡಿಕೊಳ್ಳುತ್ತಿದ್ದರು. ಅದು ಜಿಪುಣತನವಲ್ಲ. ಪೂರ್ತಿ ಅಂಕ ಸಿಕ್ಕ ಹುಡುಗ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಆಟದ ಬಯಲಿಗೆ ಓಡುತ್ತಾನೆ. ಅರ್ಧ ಅಂಕ ಹಿಡಿದಿಟ್ಟರೆ, ಅದೆಲ್ಲಿ ಹೋಯಿತು ಅಂತ ಕೇಳಲಿಕ್ಕಾದರೂ ಮೇಜಿನ ಹತ್ತಿರ ಬರುತ್ತಾನೆ. ಬಂದವನು ಐದು ನಿಮಿಷ ನಿಲ್ಲುತ್ತಾನೆ. ಒಂಟಿ ಮನುಷ್ಯನಿಗೆ ಐದು ನಿಮಿಷವೆಂದರೆ ಸಣ್ಣ ಮಾತಲ್ಲ.

ಹಡಗಿಗೂ ಅವರು ಒಂಟಿಯಾಗಿಯೇ ಬಂದಿದ್ದರು. ಟಿಕೆಟ್ಟು ಇಬ್ಬರದ್ದು. ಅಕ್ಕನ ಮಗಳು ಅಮ್ಮನಿಗೂ ಮಾವನಿಗೂ ಸೇರಿಸಿ ಹತ್ತು ದಿನದ ಐಷಾರಾಮಿ ಪ್ರವಾಸ ಮಾಡಿಸಿಕೊಟ್ಟಿದ್ದಳು. ಹೊರಡಲು ಎರಡು ದಿನ ಇರುವಾಗ ಅಕ್ಕ ಹೊಸ ಚಪ್ಪಲಿಯಲ್ಲಿ ನಡೆದು ಅಭ್ಯಾಸ ಮಾಡಲು ಹೋಗಿ ಮೆಟ್ಟಿಲ ಮೇಲೆ ಕಾಲು ಮುರಿದುಕೊಂಡಳು. "ನೀನು ಹೋಗಿ ಬಾರೋ. ಒಬ್ಬನೇ ಆದ್ರೇನು, ಸಮುದ್ರ ಇರತ್ತಲ್ಲ" ಅಂದಳು. ಸಮುದ್ರ ಇತ್ತು ನಿಜ. ಆದರೆ ಅವರ ಕೋಣೆ ಹಡಗಿನ ಒಳಮಗ್ಗುಲಿನದು, ಕಿಟಕಿಯೇ ಇರಲಿಲ್ಲ. ಗೋಡೆಗೆ ಚಂದದ ನೀಲಿ ಪರದೆ ಇಳಿಬಿಟ್ಟಿದ್ದರು. ಮೊದಲ ದಿನ ಮೇಷ್ಟ್ರು ಆಸೆಯಿಂದ ಪರದೆ ಸರಿಸಿದರೆ ಹಿಂದೆ ಗೋಡೆ. ಉಳಿದದ್ದೆಲ್ಲ ಎರಡೆರಡು: ಎರಡು ಹಾಸಿಗೆ, ಎರಡು ಲೋಟ, ಎರಡು ಜೊತೆ ಹತ್ತಿಯ ಚಪ್ಪಲಿ. ಊಟದ ಮೇಜಿನಲ್ಲಿ ಬಡಿಸುವವನು ದಿನಾ ಕೇಳುತ್ತಿದ್ದ, "ಎದುರಿನ ತಟ್ಟೆ ತೆಗೀಲಾ ಸಾರ್?" ಮೇಷ್ಟ್ರು ದಿನಾ, "ಇರಲಿ ಬಿಡಪ್ಪ" ಅನ್ನುತ್ತಿದ್ದರು.

ಅಷ್ಟು ದೊಡ್ಡ ಹಡಗಿನಲ್ಲಿ ಅವರನ್ನು ಮಾತಾಡಿಸುತ್ತಿದ್ದವನು ಒಬ್ಬನೇ, ಕೋಣೆ ಒಪ್ಪ ಮಾಡುವವನು. ನಲವತ್ತು ದಾಟಿದ, ನಗುವಾಗ ಕಣ್ಣು ಮುಚ್ಚಿಹೋಗುವ ಮನುಷ್ಯ. ಟವೆಲ್ಲು ಮಡಿಸಿ ಮೊದಲ ಸಂಜೆ ಮೊಲ, ಮರುದಿನ ಹಂಸ, ಆಮೇಲೆ ಮೊಸಳೆ, ಕೋತಿ ಮಾಡಿಟ್ಟಿದ್ದಕ್ಕೆ ಮೇಷ್ಟ್ರು ಮನಸ್ಸಿನಲ್ಲೇ ಅವನಿಗೆ ಟವೆಲಪ್ಪ ಎಂದು ಹೆಸರಿಟ್ಟಿದ್ದರು. ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, "ಅಕ್ಕನ ಕಾಲು ಹೇಗಿದೆ ಸಾರ್?" ಅಂತ ಕೇಳುವನು. ಆ ಒಂದು ಪ್ರಶ್ನೆಗಾಗಿ ಮೇಷ್ಟ್ರು ಆರು ಗಂಟೆಗೇ ಕ್ಷೌರ ಮಾಡಿಕೊಂಡು ಕಾಯುತ್ತಿದ್ದರು. ಪಾಪ, ಅವನಿಗೂ ಕೆಲಸ; ಎರಡು ನಿಮಿಷಕ್ಕಿಂತ ಹೆಚ್ಚು ನಿಲ್ಲುವ ಹಾಗಿಲ್ಲ. ಕಿವಿಯ ನೆಪದಲ್ಲಾದರೂ ಐದು ನಿಮಿಷ ಕೂರಲಿ ಅನ್ನುವುದು ಮೇಷ್ಟ್ರ ಲೆಕ್ಕಾಚಾರ.

ಮರುದಿನ ಬೆಳಿಗ್ಗೆ ಕಾರ್ಡು ಬಾಗಿಲ ಪೆಟ್ಟಿಗೆಯಿಂದ ಹೋದ ಅರ್ಧ ಗಂಟೆಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಟವೆಲಪ್ಪನಲ್ಲ. ಇಸ್ತ್ರಿ ಮಾಡಿದಷ್ಟು ನೀಟಾಗಿ ನಗುತ್ತಿದ್ದ ಒಬ್ಬ ಹೆಂಗಸು.

"ನಮಸ್ಕಾರ ಸಾರ್. ನಾನು ಅತಿಥಿ ಸಂತೃಪ್ತಿ ವಿಭಾಗದ ಮುಖ್ಯಸ್ಥೆ. ಬಂದು ಕಾಣಿ ಅಂತ ಬರೆದಿದ್ರಿ."

"ಅಯ್ಯೋ, ನಾನು ಕರೆದಿದ್ದು ಆನೆ ಮಾಡಿದವರನ್ನಮ್ಮ."

"ಅವರು ನಿಮ್ಮ ಕಣ್ಣಿಗೆ ಬೀಳದ ಹಾಗೆ ನಾವು ನೋಡ್ಕೋತೀವಿ ಸಾರ್. ಯೋಚನೆ ಮಾಡಬೇಡಿ."

"ಅದಲ್ಲಮ್ಮ..."

"ಕಿವಿಯಿಂದ ನಿಮಗೆ ಎಷ್ಟು ಬೇಜಾರಾಯ್ತು ಸಾರ್? ಸ್ವಲ್ಪವಾ, ಸಾಕಷ್ಟಾ, ತೀರಾ ಜಾಸ್ತಿನಾ?" ಮೇಡಂ ಕೈಯಲ್ಲಿದ್ದ ಟ್ಯಾಬ್ಲೆಟ್ಟಿನ ಮೇಲೆ ಬೆರಳಿಟ್ಟು ಕಾದರು.

"ಬೇಜಾರೆಂಥದ್ದು! ಒಂಬತ್ತೂವರೆ ಅಂದ್ರೆ ನನ್ನ ಪ್ರಕಾರ ಬಹಳ ಒಳ್ಳೇ ಅಂಕ."

"ಕಂಪ್ಯೂಟರು ಅರ್ಧ ತಗೊಳಲ್ಲ ಸಾರ್. ಒಂಬತ್ತು ಅಂತ ಹಾಕಿದೀವಿ. ಒಂಬತ್ತು ಬಿದ್ದ ತಕ್ಷಣ ಆಫೀಸಿನ ಪರದೆ ಕೆಂಪಗಾಗತ್ತೆ."

"ಎಂಟು ಬಿದ್ರೆ?"

ಮೇಡಂ ನಗು ಒಂದು ಕ್ಷಣ ಜಾರಿತು. "ಎಂಟು ಇದುವರೆಗೆ ಯಾರೂ ಕೊಟ್ಟಿಲ್ಲ ಸಾರ್," ಅಂದರು, ಯಾರದೋ ಸಾವಿನ ಸುದ್ದಿ ಹೇಳುವ ದನಿಯಲ್ಲಿ.

"ಮತ್ತೆ ನಾನು ನಾಲ್ಕು ದಿನ ಖಾಲಿ ಬಿಟ್ಟಿದ್ನಲ್ಲ?"

"ಖಾಲಿ ಬಿಟ್ಟರೆ ಹತ್ತು ಅಂತ ಹಿಡೀತೀವಿ ಸಾರ್."

ಖಾಲಿ ಹಾಳೆಗೆ ಹತ್ತಕ್ಕೆ ಹತ್ತು! ಮೇಷ್ಟ್ರಿಗೆ ನಿಂತಲ್ಲೇ ತಲೆ ಸುತ್ತಿ ಬಂತು. ಸುಧಾರಿಸಿಕೊಳ್ಳುವುದರೊಳಗೆ ಮೇಡಂ ಫೋನಿನಲ್ಲಿ ಏನೋ ಹೇಳಿ ಮುಗಿಸಿದ್ದರು. ಆಮೇಲಿನದ್ದು ಮೆರವಣಿಗೆ. ಮೊದಲು ಮಗುವಿನ ತೊಟ್ಟಿಲಷ್ಟು ದೊಡ್ಡ ಹಣ್ಣಿನ ಬುಟ್ಟಿ ಬಂತು. ಅದರ ಹಿಂದೆ ಅಂತಸ್ತಿನ ಮೇಲ್ವಿಚಾರಕ ಬಂದ. ಅವನ ಹಿಂದೆ ಲಾಂಡ್ರಿಯ ಯಜಮಾನ, ಕೈಯಲ್ಲಿ ಅಳತೆ ಟೇಪು, ಬಂದವನೇ ಆನೆಯ ಮುಂದೆ ಮಂಡಿಯೂರಿ ಎರಡೂ ಕಿವಿ ಅಳೆದು, "ಸಾರ್ ಹೇಳಿದ್ದು ನಿಜ. ಎರಡೂಕಾಲು ಬೆರಳು ವ್ಯತ್ಯಾಸ" ಅಂತ ತಲೆ ತಗ್ಗಿಸಿದ. ಮೇಷ್ಟ್ರಿಗೆ ನಾಚಿಕೆಯಿಂದ ಹಿಡಿಯಷ್ಟಾದ ಹಾಗಾಯಿತು. ಆದರೂ ಒಳಗೆ ಎಲ್ಲೋ, ಹೇಳಿಕೊಳ್ಳಲಾಗದ ಒಂದು ಖುಷಿ. ಕೂರಲು ಕುರ್ಚಿ ಸಾಲದೆ ಎಲ್ಲರನ್ನೂ ಅಕ್ಕನ ಹಾಸಿಗೆಯ ಮೇಲೆ ಕೂರಿಸಿದರು. ಬಾಳೆಹಣ್ಣು ಹಂಚಿದರು. ಐದು ದಿನದಿಂದ ಒಂದೂ ಸುಕ್ಕಿಲ್ಲದೆ ಬಿದ್ದಿದ್ದ ಆ ಹಾಸಿಗೆ ಮೊದಲ ಸಲ ಸುಕ್ಕಾಯಿತು.

ತಿಂಡಿಗೆ ಹೋಗುವಷ್ಟರಲ್ಲಿ ಸುದ್ದಿ ಅವರಿಗಿಂತ ಮೊದಲೇ ಮೇಜು ಮುಟ್ಟಿತ್ತು. ಪಕ್ಕದ ಮೇಜಿನವರು ಒಬ್ಬ ಹಲ್ಲಿನ ಡಾಕ್ಟರು, ಮತ್ತೆ ಅವರ ಅತ್ತಿಗೆ. ಅತ್ತಿಗೆಗೆ ಇದು ಹನ್ನೊಂದನೇ ಹಡಗು. ಪ್ರತಿ ಹಡಗಿನಲ್ಲೂ ಏನಾದರೊಂದು ದೂರು ಕೊಟ್ಟು ಏನಾದರೊಂದು ಗಿಟ್ಟಿಸಿಕೊಂಡು ಇಳಿಯುವುದರಲ್ಲಿ ಎತ್ತಿದ ಕೈ. ಬಡಿಸುವವರು ಬೆನ್ನ ಹಿಂದೆ ದೂರಮ್ಮ ಅನ್ನುತ್ತಿದ್ದರು. ಐದು ದಿನ ಮೇಷ್ಟ್ರನ್ನು ಕುರ್ಚಿಯಂತೆ ದಾಟಿಹೋಗಿದ್ದ ಈ ದೂರಮ್ಮ ಈಗ ತನ್ನ ಕುರ್ಚಿಯನ್ನೇ ಎತ್ತಿಕೊಂಡು ಬಂದು ಅವರೆದುರಿನ ಖಾಲಿ ತಟ್ಟೆಯ ಮುಂದೆ ಕೂತಳು.

"ಕಿವಿಗೆ ಹಣ್ಣಿನ ಬುಟ್ಟಿ ಬಂತಂತೆ?"

"ಬಂತು. ನಾನು ಕೇಳಿರಲಿಲ್ಲ..."

"ಛೇ, ಅರ್ಧ ಅಂಕಕ್ಕೆ ಹಣ್ಣು! ಎರಡು ಅಂಕ ಕಿತ್ತಿದ್ರೆ ಬಾಲ್ಕನಿ ಇರೋ ರೂಮು ಕೊಡ್ತಿದ್ರು ಮೇಷ್ಟ್ರೇ. ಸೊಂಡಿಲು ಯಾಕೆ ಬಿಟ್ರಿ?"

"ಸೊಂಡಿಲು ಚೆನ್ನಾಗೇ ಇತ್ತಮ್ಮ."

"ಚೆನ್ನಾಗಿರೋದನ್ನ ಬಿಟ್ಟರೆ ಹೇಗೆ? ನಿಮಗೆ ಯಾರೂ ಹೇಳಿಕೊಟ್ಟೇ ಇಲ್ಲ," ಅಂತ ದೂರಮ್ಮ ನಿಟ್ಟುಸಿರು ಬಿಟ್ಟಳು.

ಡಾಕ್ಟರು ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ನಮ್ಮ ರೂಮಲ್ಲಿ ನಿನ್ನೆ ಒಂದು ಹಂಸ ಇಟ್ಟಿದಾರೆ. ನನಗ್ಯಾಕೋ ಕತ್ತು ವಾರೆ ಅನ್ನಿಸ್ತು. ಒಂಚೂರು ನೋಡಿ ಹೇಳ್ತೀರಾ ಮೇಷ್ಟ್ರೇ?" ಅಂದರು.

ಇಲ್ಲ ಅನ್ನಬೇಕಿತ್ತು. ಆದರೆ ಐದು ದಿನ ಬಾಯಿಗೆ ಬೀಗ ಹಾಕಿಕೊಂಡಿದ್ದ ಮನುಷ್ಯನನ್ನು ಯಾರೋ ಕೈಹಿಡಿದು ಕರೆದರೆ ಇಲ್ಲ ಅನ್ನುವ ಶಕ್ತಿ ಎಲ್ಲಿಂದ ಬರಬೇಕು? ಹೋದರು. ಕತ್ತು ವಾರೆಯೇ ಇತ್ತು. "ಒಂಬತ್ತು" ಅಂದರು. ಡಾಕ್ಟರು ಅದನ್ನೇ ಕಾರ್ಡಿನಲ್ಲಿ ಬರೆದು ಪೆಟ್ಟಿಗೆಗೆ ಹಾಕಿದರು. ಎದುರು ಕೋಣೆಯ ಗಂಡಹೆಂಡತಿ ತಮ್ಮ ಆಮೆಯನ್ನು ತಟ್ಟೆಯಲ್ಲಿಟ್ಟುಕೊಂಡು ತಂದರು. ಆಚೆ ಕೋಣೆಯ ಜವಳಿ ವ್ಯಾಪಾರಿ ಕೋತಿಯನ್ನು ಕಂಕುಳಲ್ಲಿ ಇರುಕಿಕೊಂಡು ಬಂದ. ದಾರಿಯಲ್ಲಿ ಬಾಲ ಬಿಚ್ಚಿಹೋಗಿ, ಅದಕ್ಕೂ ಒಂದು ಅಂಕ ಕಡಿತವಾಯಿತು. ಹನ್ನೊಂದು ಗಂಟೆಗೆ ಏಳನೇ ಅಂತಸ್ತಿನ ಓಣಿಯಲ್ಲಿ ಪ್ರಾಣಿಗಳನ್ನು ಹಿಡಿದ ಜನರ ಸಾಲು ಪಶುವೈದ್ಯರ ಬಾಗಿಲಿನಂತೆ ಬೆಳೆದಿತ್ತು. ಮೇಷ್ಟ್ರು ಬಾಗಿಲಲ್ಲಿ ಮೇಜು ಹಾಕಿಕೊಂಡು, ಕೆಂಪು ಪೆನ್ನು ಹಿಡಿದು, ಒಬ್ಬೊಬ್ಬರಿಗೂ ತಪ್ಪು ತೋರಿಸಿ ತಿದ್ದಿ ಹೇಳುತ್ತಿದ್ದರು. ಮುಖ ಬೆಳಗುತ್ತಿತ್ತು. "ನೋಡಿ, ಈ ಮಡಿಕೆ ಲಂಬವಾಗಿ ಬರಬೇಕಿತ್ತು. ಎಂಟೂವರೆ. ಮುಂದಿನವರು ಬನ್ನಿ."

ಊಟದ ಹೊತ್ತಿಗೆ ಸಾಲು ಕರಗಿತು. ಕೈ ತೊಳೆದು ಓಣಿಗೆ ಬಂದರೆ ದೂರದಲ್ಲಿ ಟವೆಲಪ್ಪ ಗಾಡಿ ತಳ್ಳಿಕೊಂಡು ಬರುತ್ತಿದ್ದ. ಮೇಷ್ಟ್ರನ್ನು ಕಂಡವನೇ ಗೋಡೆಯ ಕಡೆ ತಿರುಗಿ ನಿಂತುಬಿಟ್ಟ.

"ಏನಪ್ಪ, ಬೆಳಿಗ್ಗೆ ಬರಲೇ ಇಲ್ಲ?"

"ನಾನು ನಿಮ್ಮನ್ನ ನೋಡೋ ಹಾಗಿಲ್ಲ ಸಾರ್," ಅಂತ ಅವನು ಗೋಡೆಗೆ ಹೇಳಿದ. "ಅಂಕ ಕಳಕೊಂಡವರು ಅಂಕ ಕೊಟ್ಟವರ ಮುಖ ನೋಡಬಾರದು ಅಂತ ರೂಲ್ಸು."

ಮೇಷ್ಟ್ರಿಗೂ ಏನು ಮಾಡಬೇಕೋ ತೋಚದೆ ಅವನ ಪಕ್ಕದಲ್ಲೇ ಗೋಡೆಗೆ ಮುಖ ಮಾಡಿ ನಿಂತರು. ಇಬ್ಬರೂ ತರಗತಿಯಲ್ಲಿ ಶಿಕ್ಷೆಗೆ ನಿಂತ ಹುಡುಗರಂತೆ ಕಾಣುತ್ತಿದ್ದರು.

"ಕಿವಿ ವಿಷಯಕ್ಕೆ ಬೇಜಾರಾಯ್ತೇನಪ್ಪ?"

"ಅದಕ್ಕಲ್ಲ ಸಾರ್. ನನಗೆ ತೊಂಬತ್ತೊಂಬತ್ತು ದಿನ ಸತತವಾಗಿ ಹತ್ತು ಬಿದ್ದಿತ್ತು. ನಿನ್ನೇದು ನೂರನೇ ದಿನ."

"ನೂರಾದ್ರೆ ಏನಾಗತ್ತೆ?"

"ಆಗದೇ ಇರೋದನ್ನ ಹೇಳಿ ಏನು ಉಪಯೋಗ ಸಾರ್. ಈಗ ಪರದೆ ಕೆಂಪಾಯ್ತಲ್ಲ, ನಾಳೆಯಿಂದ ನನ್ನನ್ನ ಲಾಂಡ್ರಿಗೆ ಹಾಕ್ತಾರೆ. ಹಡಗಿನ ತಳದಲ್ಲಿರತ್ತೆ. ಹಗಲು ಯಾವುದು, ಸಂಜೆ ಯಾವುದು ಗೊತ್ತಾಗಲ್ಲ. ಮಿಷನ್ನಿನ ಸದ್ದಲ್ಲಿ ಪಕ್ಕದವನ ಮಾತೂ ಕೇಳಲ್ಲ." ಅವನು ಒಂದು ಟವೆಲ್ಲು ಬಿಚ್ಚಿ ಮತ್ತೆ ಮಡಿಸಿದ. "ಅಲ್ಲ ಸಾರ್, ಬೆಳಿಗ್ಗೆಯಿಂದ ಇನ್ನೂ ಹದಿನಾಲ್ಕು ಒಂಬತ್ತು, ಆರು ಎಂಟು ಬಿದ್ದಿದೆಯಂತೆ. ಏಳನೇ ಅಂತಸ್ತಿನ ಕೆಲಸದವರೆಲ್ಲ ತಲೆ ಮೇಲೆ ಕೈ ಹೊತ್ತು ಕೂತಿದಾರೆ. ಯಾರೋ ಗುಂಪು ಕಟ್ಟಿ ಮಾಡಿಸ್ತಿದಾರೆ ಅಂತಾರೆ."

ಮೇಷ್ಟ್ರು ಕೆಂಪು ಪೆನ್ನನ್ನು ಮೆಲ್ಲಗೆ ಜೇಬಿನ ಆಳಕ್ಕೆ ತಳ್ಳಿದರು. ಕೆಳಗೆ ಕಿಟಕಿಯಿಲ್ಲದ ಜಾಗದಲ್ಲಿ, ಯಾರ ಮಾತೂ ಕೇಳಿಸದೆ ಇವನು ಟವೆಲ್ಲು ಮಡಿಸುತ್ತಿರುವುದು ಅವರ ಕಣ್ಣಿಗೆ ಕಟ್ಟಿತು. ಆ ಬದುಕು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಅವನು ಗಾಡಿ ತಳ್ಳಿಕೊಂಡು ಹೊರಟ. ಎರಡು ಹೆಜ್ಜೆ ಹೋಗಿ, ಗೋಡೆಯನ್ನೇ ನೋಡುತ್ತ ಕೇಳಿದ, "ಅಕ್ಕನ ಕಾಲು ಹೇಗಿದೆ ಸಾರ್?"

ಮೇಷ್ಟ್ರು ಊಟ ಬಿಟ್ಟರು. ನೇರ ಸಂತೃಪ್ತಿ ಮೇಡಂ ಆಫೀಸಿಗೆ ಹೋದರು. ಅಲ್ಲಿ ಗೋಡೆಯ ಮೇಲಿನ ದೊಡ್ಡ ಪರದೆಯಲ್ಲಿ ಎಲ್ಲ ಅಂತಸ್ತೂ ಹಸಿರು. ಏಳನೆಯದು ಮಾತ್ರ ಬೆಂಕಿ ಬಿದ್ದ ಹಾಗೆ ಕೆಂಪು.

"ಮೇಡಂ, ಅವನದ್ದೇನೂ ತಪ್ಪಿಲ್ಲ. ತಪ್ಪು ನನ್ನ ಕೈಯದ್ದು. ನನ್ನ ಒಂಬತ್ತೂವರೆ ಅಂದ್ರೆ ಬೇರೆಯವರ ಹತ್ತು. ಮೂವತ್ನಾಲ್ಕು ವರ್ಷದಲ್ಲಿ ಅದಕ್ಕಿಂತ ಹೆಚ್ಚು ಯಾರಿಗೂ ಕೊಟ್ಟಿಲ್ಲ. ಬೇಕಾದ್ರೆ ನಮ್ಮ ಶಾಲೆಗೆ ಫೋನು ಮಾಡಿ ಕೇಳಿ."

"ಮತ್ತೆ 'ಬಂದು ಕಾಣುವುದು' ಅಂತ ಇತ್ತಲ್ಲ ಸಾರ್?"

"ಅದು... ಸುಮ್ನೆ ಬರೆಯೋದಮ್ಮ. ಅಭ್ಯಾಸ."

"ಅಂದ್ರೆ ಯಾರೂ ಬರೋ ಅಗತ್ಯ ಇರಲಿಲ್ವಾ?"

ಮೇಷ್ಟ್ರು ತಲೆಯೆತ್ತಿ ಪರದೆಯ ಮೇಲಿನ ಕೆಂಪು ನೋಡಿದರು. "ಇರಲಿಲ್ಲ," ಅಂದರು.

"ಇದನ್ನೆಲ್ಲ ಬರವಣಿಗೆಯಲ್ಲಿ ಕೊಡ್ತೀರಾ ಸಾರ್? ಹಾಗೇ ಹೊಸ ಕಾರ್ಡಲ್ಲಿ ಹತ್ತು ಹಾಕಿಬಿಡಿ. ಎಲ್ಲ ಸರಿಯಾಗತ್ತೆ."

ಹೇಳಿಕೆಯನ್ನು ಮೇಷ್ಟ್ರು ಪ್ರಮೇಯ ಸಾಧಿಸಿದಂತೆ ಹಂತ ಹಂತವಾಗಿ ಬರೆದು, ಕೆಳಗೆ ಸಹಿ ಹಾಕಿ, ಎರಡು ಗೆರೆ ಎಳೆದರು. ಬೇರೆ ಕೋಣೆಯವರ ಕಾರ್ಡುಗಳೂ ತಾವು ಹೇಳಿ ಬರೆಸಿದ್ದು ಅಂತ ಒಪ್ಪಿಕೊಂಡರು. ಕಷ್ಟವಾದದ್ದು ಹತ್ತು. ಒಂದನ್ನು ಬರೆದರು. ಪಕ್ಕದಲ್ಲಿ ಸೊನ್ನೆ ಸುತ್ತಬೇಕು, ಕೈ ಏಳಲಿಲ್ಲ. ಮೇಡಂ ಹೆರಿಗೆ ಮಾಡಿಸುವವರಂತೆ "ಇನ್ನೊಂಚೂರು ಸಾರ್, ಇನ್ನೊಂಚೂರು" ಅನ್ನುತ್ತಿದ್ದರು. ಕೊನೆಗೂ ಸೊನ್ನೆ ಬಂತು, ಜಜ್ಜಿದ ಮೊಟ್ಟೆಯ ಆಕಾರದಲ್ಲಿ. ಪರದೆ ಒಮ್ಮೆ ಮಿನುಗಿ ಹಸಿರಾಯಿತು. ಮೇಡಂ ಚಪ್ಪಾಳೆ ತಟ್ಟಿದರು.

ಸಂಜೆ ಕಾಫಿಗೆ ಹೋದಾಗ ದೂರಮ್ಮ ಆಗಲೇ ಮುಖ ಊದಿಸಿಕೊಂಡಿದ್ದಳು. "ಹತ್ತು ಕೊಟ್ಟುಬಿಟ್ರಂತೆ?"

"ಕೊಡಬೇಕಾಯ್ತಮ್ಮ."

"ನಮ್ಮ ಬಾಲ್ಕನಿ ಅರ್ಜಿ ಮಧ್ಯದಲ್ಲೇ ಬಿದ್ದುಹೋಯ್ತು, ಗೊತ್ತಾ? ನಿಮ್ಮಂಥವರನ್ನ ನಂಬಿ ಅಂಕ ಕಿತ್ತರೆ ಇದೇ ಗತಿ." ಅವಳು ಕುರ್ಚಿ ಎತ್ತಿಕೊಂಡು ತನ್ನ ಮೇಜಿಗೆ ವಾಪಸು ಹೋದಳು. ಡಾಕ್ಟರು ಆಕಳಿಸಿ ಬೇರೆ ಕಡೆ ನೋಡಿದರು. ಬಡಿಸುವವನು ಬಂದು, "ಎದುರಿನ ತಟ್ಟೆ ತೆಗೀಲಾ ಸಾರ್?" ಅಂದ.

ಮೇಷ್ಟ್ರು ಬೇಜಾರು ಮಾಡಿಕೊಳ್ಳಲಿಲ್ಲ. ಟವೆಲಪ್ಪ ಉಳಿದನಲ್ಲ, ಅಷ್ಟು ಸಾಕು. ಇನ್ನು ನಾಲ್ಕು ಬೆಳಿಗ್ಗೆ ಬಾಕಿ ಇದೆ. ಕೋಣೆಗೆ ಬಂದು ಕೂತಿದ್ದಾಗ ಬಾಗಿಲು ಬಡಿಯಿತು. ಈ ಸಲ ಅವನೇ. ಮೈಮೇಲೆ ಹೊಸ ಬಿಳಿ ಕೋಟು, ಚಿನ್ನದ ಬಣ್ಣದ ಗುಂಡಿ. ನಗುವಿನಲ್ಲಿ ಕಣ್ಣೇ ಕಾಣುತ್ತಿರಲಿಲ್ಲ.

"ನೂರು ಆಯ್ತು ಸಾರ್! ನಿಮ್ಮಿಂದ. ನೂರಾದವರನ್ನ ಹನ್ನೆರಡನೇ ಅಂತಸ್ತಿಗೆ ಹಾಕ್ತಾರೆ. ದೊಡ್ಡ ದೊಡ್ಡ ರೂಮು, ದೊಡ್ಡ ದೊಡ್ಡ ಕಿಟಕಿ. ಈಗಲೇ ಹೋಗಬೇಕು."

ಮೇಷ್ಟ್ರು ಅವನ ಕೋಟಿನ ಗುಂಡಿಗಳನ್ನು ನೋಡಿದರು. "ಒಳ್ಳೇದಾಯ್ತಪ್ಪ," ಅಂದರು. "ಅವಾಗವಾಗ ಬಂದು ಹೋಗ್ತಿರು."

"ಮೇಲಿನವರು ಕೆಳಗೆ ಬರೋ ಹಾಗಿಲ್ಲ ಸಾರ್. ರೂಲ್ಸು." ಅವನು ಅವರ ಎರಡೂ ಕೈ ಹಿಡಿದು ಒತ್ತಿದ. ಕೆಂಪು ಪೆನ್ನಿನ ಮಸಿ ಅವನ ಬಿಳಿ ತೋಳಿಗೆ ಸ್ವಲ್ಪ ತಾಗಿತು, ಅವನು ನೋಡಲಿಲ್ಲ. ಓಡಿದ, ಪೂರ್ತಿ ಅಂಕ ಸಿಕ್ಕ ಹುಡುಗರೆಲ್ಲ ಓಡಿದ ಹಾಗೆ.

ಇನ್ನೊಂದು ಗಂಟೆಗೆ ಹೊಸಬ ಬಂದ. ತೆಳ್ಳಗೆ, ಗಂಭೀರವಾಗಿ, ಗೋಡೆ ಗಡಿಯಾರದ ಮುಳ್ಳಿನಂತಿದ್ದ. ಒಳಗೆ ಕಾಲಿಟ್ಟವನೇ, "ಅಕ್ಕನ ಕಾಲು ಹೇಗಿದೆ ಸಾರ್?" ಅಂದ.

ಮೇಷ್ಟ್ರ ಎದೆ ಹಿಗ್ಗಿತು. "ನಿಮಗೆ ಹೇಗೆ ಗೊತ್ತು? ಅವನು ಹೇಳಿದ್ನಾ?"

"ಹಾಳೇಲಿದೆ ಸಾರ್." ಅವನು ಕಿಸೆಯಿಂದ ಮಡಚಿದ ಪಟ್ಟಿ ತೆಗೆದು ತೋರಿಸಿದ. "ಕೋಣೆಗೊಂದು ಸಾಲು. ನೋಡಿ, ನಿಮ್ಮದು. ಅಕ್ಕ, ಕಾಲು. ಆನೆ, ಎರಡೂ ಕಿವಿ ಸಮ." ಉತ್ತರಕ್ಕೆ ಕಾಯದೆ ಅವನು ಒಂದು ಹೊಸ ಆನೆ ಮಾಡಿ, ಎರಡೂ ಕಿವಿಗೆ ಟೇಪು ಹಿಡಿದು ನೋಡಿ, ಪಕ್ಕದಲ್ಲಿ ಕಾರ್ಡಿಟ್ಟು ಹೊರಟುಹೋದ.

ಮೇಷ್ಟ್ರು ಬಹಳ ಹೊತ್ತು ಆನೆಯ ಎದುರು ಕೂತರು. ಬೆಳಿಗ್ಗೆ ಇದೇ ಕೋಣೆಯಲ್ಲಿ ಕೂರಲು ಜಾಗ ಇರಲಿಲ್ಲ. ಅಕ್ಕನ ಹಾಸಿಗೆಯನ್ನು ಹೊಸಬ ಎಳೆದು ಸರಿ ಮಾಡಿ ಹೋಗಿದ್ದ, ಒಂದೂ ಸುಕ್ಕಿಲ್ಲ. ಕೊನೆಗೆ ಅವರು ಕನ್ನಡಕ ಏರಿಸಿ ಆನೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಬಾಲ ಸ್ವಲ್ಪ ಗಿಡ್ಡ. ಸ್ವಲ್ಪವೇ. ಇಲ್ಲ ಅಂದರೂ ನಡೆಯುತ್ತಿತ್ತು. ಕೆಂಪು ಪೆನ್ನು ಹೊರಗೆ ಬಂತು. 'ಒಂಬತ್ತೂವರೆ. ಬಾಲ ಗಿಡ್ಡ. ಬಂದು ಕಾಣುವುದು.' ಬಂದವರ ಕೈಕಾಲು ಹಿಡಿದಾದರೂ ಹೊಸಬನಿಗೆ ತೊಂದರೆಯಾಗದಂತೆ ನೋಡಿಕೊಂಡರಾಯಿತು ಅಂತ ತಮಗೆ ತಾವೇ ಸಮಾಧಾನ ಹೇಳಿಕೊಂಡರು.

ಮರುದಿನ ಆರಕ್ಕೇ ಕ್ಷೌರವಾಯಿತು. ಇಸ್ತ್ರಿ ಅಂಗಿ ತೊಟ್ಟರು. ಬುಟ್ಟಿಯಲ್ಲಿ ಉಳಿದ ಹಣ್ಣು ಒರೆಸಿ ತಟ್ಟೆಗೆ ಜೋಡಿಸಿದರು. ಅಳತೆ ಟೇಪಿನವನು ಕೂರಲಿ ಅಂತ ಕುರ್ಚಿಯನ್ನು ಆನೆಯ ಹತ್ತಿರಕ್ಕೆ ಎಳೆದಿಟ್ಟರು. ಬಾಗಿಲಿಗೆ ಮುಖ ಮಾಡಿ ಕೂತರು. ಎಂಟಾಯಿತು. ಒಂಬತ್ತಾಯಿತು. ಒಂಬತ್ತೂವರೆಯೂ ಆಯಿತು. ಹತ್ತಕ್ಕೆ ಸರಿಯಾಗಿ ಓಣಿಯಲ್ಲಿ ಹೆಜ್ಜೆ ಸದ್ದು. ಮೇಷ್ಟ್ರು ಎದ್ದು ನಿಂತರು. ಹೆಜ್ಜೆ ಬಾಗಿಲ ಬಳಿ ನಿಂತಿತು. ಬಾಗಿಲಡಿಯಿಂದ ಒಂದು ಕಾಗದ ಒಳಗೆ ಜಾರಿತು. ಹೆಜ್ಜೆ ಮುಂದೆ ಹೋಯಿತು.

'ಮಾನ್ಯ ಅತಿಥಿಗಳೇ, ನಮ್ಮ ಸೇವೆಗೆ ಹತ್ತಕ್ಕೆ ಹತ್ತು ಅಂಕ ಕೊಟ್ಟಿದ್ದಕ್ಕೆ ಧನ್ಯವಾದಗಳು. ತಾವು ಸಹಿ ಮಾಡಿದ ಹೇಳಿಕೆಯ ಪ್ರಕಾರ, ಇನ್ನು ಮುಂದೆ ನಮ್ಮ ಎಲ್ಲ ಹಡಗುಗಳಲ್ಲೂ ತಮ್ಮ ಒಂಬತ್ತೂವರೆಯನ್ನು ಹತ್ತು ಎಂದೇ ಓದಿಕೊಳ್ಳಲಾಗುವುದು. ಬಂದು ಕಾಣುವುದು ಎಂದು ತಾವು ಬರೆದರೆ ಯಾರೂ ಬಂದು ತಮ್ಮ ಏಕಾಂತಕ್ಕೆ ಭಂಗ ತರುವುದಿಲ್ಲ ಎಂದು ಭರವಸೆ ನೀಡುತ್ತೇವೆ.'

ಮೇಷ್ಟ್ರು ಎರಡು ಸಲ ಓದಿದರು. ಕೆಳಗೆ ಹಡಗಿನ ನೀಲಿ ಮೊಹರು ಬಿದ್ದಿತ್ತು. ಸ್ವಲ್ಪ ಓರೆಯಾಗಿ. ಅವರು ಪೆನ್ನು ತೆಗೆದು ಮೊಹರಿನ ಸುತ್ತ ಒಂದು ಕೆಂಪು ವೃತ್ತ ಎಳೆದರು. ಅರ್ಧ ಅಂಕ ಕಳೆದರು. 'ಬಂದು ಕಾಣುವುದು' ಎಂದು ಬರೆದು, ಮಂಡಿಯೂರಿ, ಕಾಗದವನ್ನು ಬಾಗಿಲಡಿಯಿಂದ ಓಣಿಗೆ ತಳ್ಳಿದರು. ಒಂದು ಮೂಲೆ ಮಾತ್ರ ಒಳಗೆ ಉಳಿಯಿತು. ಅದನ್ನೇ ನೋಡುತ್ತ ನೆಲದ ಮೇಲೆ ಕೂತರು.

ಸ್ವಲ್ಪ ಹೊತ್ತಿಗೆ ಓಣಿಯಲ್ಲಿ ಏನೋ ಗುಂಯ್ ಅಂದ ಸದ್ದಾಗಿ, ಆ ಮೂಲೆ ಅಲ್ಲಾಡಿತು. ಆಚೆಯಿಂದ ಯಾರೋ ಮೆಲ್ಲಗೆ ಎಳೆದಂತಾಯಿತು. ಮೇಷ್ಟ್ರು ಗಡಬಡಿಸಿ ಎದ್ದು, ಅಂಗಿ ಸರಿಮಾಡಿಕೊಂಡು, ಹಣ್ಣಿನ ತಟ್ಟೆ ಕೈಗೆತ್ತಿಕೊಂಡು ಬಾಗಿಲು ತೆರೆದರು.

ಹೊಸಬ ಅವರಿಗೆ ಬೆನ್ನು ಮಾಡಿ, ಕಿವಿಗೆ ಹತ್ತಿ ತುರುಕಿಕೊಂಡು, ಕಸ ಹೀರುವ ಯಂತ್ರ ತಳ್ಳಿಕೊಂಡು ಹೋಗುತ್ತಿದ್ದ. ಅದರ ಬಾಯಲ್ಲಿ ಕಾಗದದ ಕೊನೆಯ ತುದಿ ಪಟಪಟ ಬಡಿದು ಒಳಗೆ ಹೋಯಿತು.